ಐದು ಪೌಂಡ್ ಗಾಳಿ

ಹೋದ ತಿಂಗಳು ಅಂಕೋಲೆಯಲ್ಲಿ ಕೆಲಸವಿತ್ತು. ಮುಗಿದಾಗ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಬೀರಣ್ಣನ ಗ್ಯಾರೇಜಿಗೆ ಹೋದೆ. ಈಗ ಅದನ್ನು ಅವನ ಅಳಿಯ ನಡೆಸುತ್ತಾನೆ. ಅಳಿಯ ಒಂದು ಕಾರಿನ ಎಂಜಿನ್ ಎಣ್ಣೆ ಬದಲಿಸುತ್ತಿದ್ದ. ಬಿಸಿ ಪೈಪಿನ ಮೇಲೆ ನಾಲ್ಕು ಹನಿ ಬಿದ್ದು ಚುರ್ ಎಂದು ಸುಟ್ಟ ವಾಸನೆ ಎದ್ದಿತು. ಆ ವಾಸನೆಗೆ ನನ್ನ ಕಣ್ಣು ತಾನಾಗಿ ಎದುರು ಗೋಡೆಗೆ ಹೋಯಿತು. ನಾನು ನೆನೆಸಿದ ವಸ್ತು ಅದೇ ಮೊಳೆಯಲ್ಲಿ ಇನ್ನೂ ತೂಗುತ್ತಿತ್ತು. ಅದೇನೆಂದು ಅದರ ಸರದಿ ಬಂದಾಗ ಹೇಳುತ್ತೇನೆ. ಒಂದರ ನಂತರ ಒಂದು ಹೇಳುವುದು ನನಗೆ ರೂಢಿ.

ನಾನು ಕಾರವಾರ ಬಂದರಿನ ಟಗ್ ದೋಣಿಯಲ್ಲಿ ಮೂವತ್ತೊಂದು ವರ್ಷ ಎಂಜಿನ್ ಡ್ರೈವರ್ ಆಗಿದ್ದವನು. ದೊಡ್ಡ ಹಡಗಿಗೆ ಹಗ್ಗ ಕಟ್ಟಿ ದಡದ ಧಕ್ಕೆಗೆ ಎಳೆದು ತರುವ ಸಣ್ಣ, ಗಟ್ಟಿ ದೋಣಿ ಅದು. ಗಂಟೆಗೊಮ್ಮೆ ಎಣ್ಣೆಯ ಒತ್ತಡ, ನೀರಿನ ಬಿಸಿ, ಹೊಗೆಯ ಬಣ್ಣ ನೋಡಿ ಲಾಗ್ ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು. ನೋಡದೆ ಬರೆಯಬಾರದು, ನೋಡಿದ್ದನ್ನು ಬಿಡಬಾರದು. ಮೂವತ್ತೊಂದು ವರ್ಷದಲ್ಲಿ ಒಂದೂ ಸುಳ್ಳು ಅಂಕಿ ಬರೆಯಲಿಲ್ಲ. ನಿವೃತ್ತನಾದ ಮೇಲೂ ಐದಕ್ಕೆ ಏಳುವುದು, ಐದೂವರೆಗೆ ಕಡಲ ದಂಡೆಯಲ್ಲಿ ನಡೆಯುವುದು, ಎಂಟಕ್ಕೆ ಬಿ.ಪಿ. ಮಾತ್ರೆ ನುಂಗುವುದು, ಯಾವುದೂ ಐದು ನಿಮಿಷ ಆಚೀಚೆ ಆದದ್ದಿಲ್ಲ.

ನಿವೃತ್ತನಾದ ಮರುವರ್ಷದ ಸಂಗತಿ ಇದು. ಆಗ ಅದಿರು ಲಾರಿಗಳ ಕಾಲ. ಘಟ್ಟದ ಮೇಲಿನಿಂದ ಕಬ್ಬಿಣದ ಅದಿರು ತುಂಬಿದ ಲಾರಿಗಳು ಸಾಲಾಗಿ ಕರಾವಳಿಗೆ ಇಳಿಯುತ್ತಿದ್ದವು, ಖಾಲಿ ಲಾರಿಗಳು ಸಾಲಾಗಿ ಹತ್ತುತ್ತಿದ್ದವು. ಅಂಕೋಲೆ-ಯಲ್ಲಾಪುರ ರಸ್ತೆಯ ಬದಿಯಲ್ಲಿ ಹಸಿರು ಎಲೆ ನೋಡಬೇಕೆಂದರೆ ಮಳೆಗಾಲಕ್ಕೇ ಕಾಯಬೇಕಿತ್ತು. ಉಳಿದಂತೆ ಎಲ್ಲವೂ ಕೆಂಪು.

ನನ್ನ ಹೆಂಡತಿ ಸುಮಿತ್ರೆಯ ತಮ್ಮ ರಮಾಕಾಂತನ ಮನೆ ಅಂಕೋಲೆಯಲ್ಲಿ, ಕೆಲಸ ಯಲ್ಲಾಪುರದ ಒಂದು ಬ್ಯಾಂಕಿನಲ್ಲಿ. ದಿನವೂ ತನ್ನ ಹಳೆಯ ಬಿಳಿ ಪೆಟ್ರೋಲ್ ಕಾರಿನಲ್ಲಿ ಮೂವರು ಸಹೋದ್ಯೋಗಿಗಳನ್ನು ಕೂರಿಸಿಕೊಂಡು ಅರಬೈಲ್ ಘಟ್ಟ ಹತ್ತುತ್ತಿದ್ದ. ನಾಲ್ಕು ಜನ ಕೂತರೆ ಕಾರು ನರಳುತ್ತಿತ್ತು. ಎ.ಸಿ. ನಿಲ್ಲಿಸಬೇಕು, ಕಿಟಕಿ ತೆರೆಯಬೇಕು, ಲಾರಿಯ ಹಿಂದೆ ತೆವಳುತ್ತ ಕೆಂಪು ಧೂಳು ಕುಡಿಯಬೇಕು. ಬ್ಯಾಂಕಿಗೆ ಹೋಗಿ ಮೊದಲು ಮುಖ ತೊಳೆಯುವುದೇ ಅವರಿಗೆ ಕೆಲಸ.

ಚೌತಿ ಮುಗಿದ ವಾರ ಅವನು ಕಾರವಾರಕ್ಕೆ ನಮ್ಮ ಮನೆಗೆ ಬಂದ. ಚಾ ಕುಡಿಯುತ್ತ ಕೇಳಿದ:

"ಭಾವ, ನಿಮ್ಮ ಟಗ್ಗಿಗೆ ಟರ್ಬೊ ಇತ್ತಲ್ಲ? ಹಾಂಗೆ ಒಂದು ಸಣ್ಣದು ನನ್ನ ಕಾರಿಗೆ ಕೂಡ್ಸೂಕೆ ಆಗೂದಿಲ್ವಾ?"

ಟರ್ಬೊ ಎಂದರೆ ಒಂದೇ ಅಚ್ಚಿನ ಎರಡು ತುದಿಗೆ ಎರಡು ಚಕ್ರ. ಹೊರಹೋಗುವ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಇನ್ನೊಂದು ಚಕ್ರ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದರೆ ಇಂಧನ ಹೆಚ್ಚು ಉರಿಯುತ್ತದೆ, ಬಲ ಹೆಚ್ಚುತ್ತದೆ. ರಮಾಕಾಂತನ ಕಾರು ತಾನಾಗಿ ಉಸಿರೆಳೆದುಕೊಳ್ಳುವ ಸಾಧಾರಣ ಎಂಜಿನ್ನಿನದು.

"ಆಗೂದಿಲ್ಲ," ಎಂದೆ. "ಅದು ಡೀಸೆಲ್, ಇದು ಪೆಟ್ರೋಲ್. ಒತ್ತಿ ಗಾಳಿ ತುಂಬಿದ್ರೆ ಒಳಗೆ ಹೊತ್ತಲ್ಲದ ಹೊತ್ತಿಗೆ ಉರಿದು ಪಿಸ್ಟನ್ ಒಡೀತದೆ. ಕಾರು ಮಾಡಿದವರಿಗೆ ಬುದ್ಧಿ ಇಲ್ವಾ? ಬೇಕಿದ್ರೆ ಅವರೇ ಹಾಕಿ ಕೊಡ್ತಿದ್ರು."

ಅವನು ಚಾ ಮುಗಿಸಿ ಹೋದ. ಹತ್ತು ದಿನದ ಮೇಲೆ ಸುಮಿತ್ರೆ ಮೀನು ಹೆಚ್ಚುತ್ತ ಹೇಳಿದಳು:

"ರಮಾಕಾಂತ ಕಾರನ್ನ ಬೀರಣ್ಣನ ಹತ್ರ ಬಿಟ್ನಂತೆ. ಆಗ್ತದೆ ಅಂದ್ನಂತೆ ಅಂವ. ಬೀರಣ್ಣನ ಕೈಗುಣ ಬಿಡಿ."

ಬೀರಣ್ಣನ ಹೆಸರು ನನ್ನ ಮನೆಯಲ್ಲಿ ಹಾಗೆ ಬರಬಾರದಿತ್ತು.

ಅವನು ಬೆಳಂಬಾರದವನು, ನನ್ನ ಓರಗೆಯವನು. ಹದಿನೆಂಟನೇ ವಯಸ್ಸಿಗೆ ನಾವಿಬ್ಬರೂ ಕಾರವಾರದಲ್ಲಿ ದೋಣಿ ಎಂಜಿನ್ ದುರಸ್ತಿ ಮಾಡುವ ಒಬ್ಬ ಮೇಸ್ತ್ರಿಯ ಬಳಿ ಕೆಲಸ ಕಲಿತೆವು. ಎಂಜಿನ್ ಕೆಟ್ಟು ಬಂದರೆ ನಾನು ಪುಸ್ತಕ ತೆಗೆಯುತ್ತಿದ್ದೆ. ಬೀರಣ್ಣ ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದ. ನಾನು ಹದಿನೇಳನೇ ಪುಟಕ್ಕೆ ಬರುವಷ್ಟರಲ್ಲಿ ಅವನು ಕೆಟ್ಟ ಭಾಗ ಬಿಚ್ಚಿ ನೆಲದ ಮೇಲೆ ಇಟ್ಟಿರುತ್ತಿದ್ದ. ಬಂದರಿನ ಕೆಲಸಕ್ಕೆ ಇಬ್ಬರೂ ಪರೀಕ್ಷೆ ಬರೆದೆವು. ಬರೆಯುವ ಪರೀಕ್ಷೆಯಾದ್ದರಿಂದ ನಾನು ಪಾಸಾದೆ, ಅವನು ಆಗಲಿಲ್ಲ. ನನಗೆ ಸಮವಸ್ತ್ರ, ತಿಂಗಳ ಸಂಬಳ, ಪಿಂಚಣಿ ಬಂದವು. ಅವನಿಗೆ ಅಂಕೋಲೆಯಲ್ಲಿ ತಗಡಿನ ಮಾಡಿನ ಗ್ಯಾರೇಜು. ಹೊಟ್ಟೆಕಿಚ್ಚು ಪಡಬೇಕಾದವನು ಅವನು. ಪಡುತ್ತಿದ್ದವನು ನಾನು.

ಮೊದಲ ಭಾನುವಾರವೇ ಎಂಟು ಹತ್ತರ ಬಸ್ಸು ಹಿಡಿದೆ. ಬೀರಣ್ಣ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ಬಾ ಮಂಜು. ತಪ್ಪು ಹುಡ್ಕೂಕೆ ಬಂದ್ಯಾ?"

"ತರಕಾರಿಗೆ ಬಂದೆ."

"ಕಾರವಾರದ ರವಿವಾರದ ಸಂತೆ ಬಿಟ್ಕಂಡು ಅಂಕೋಲೆಗೆ ತರಕಾರಿಗಾ?" ಅವನು ಕೂತಲ್ಲೇ ಅಲುಗಾಡಿ ನಕ್ಕ. ಮರಳಿದಾಗ ಸುಮಿತ್ರೆಯೂ ಕೈಚೀಲದೊಳಗೆ ಇಣುಕಿ ಅದನ್ನೇ ಕೇಳಿದಳು: "ಪೇಟೆ ತುಂಬ ಸಂತೆ ಇಟ್ಕಂಡು ಬಸ್ಸಿನ ಮೇಲೆ ಬಸಳೆ ತಂದ್ರಾ?"

ಆದರೂ ಪ್ರತಿ ಭಾನುವಾರ ಹೋದೆ. ಹೋಗಿ ಬಂದು ಹೊಟ್ಟೆ ಉರಿಸಿಕೊಂಡೆ. ಇದು ಬರೀ ಮಾತಿಗೆ ಹೇಳುವುದಲ್ಲ. ಊಟದ ನಂತರ ಎದೆಗೂಡಿನ ಕೆಳಗೆ, ಸ್ವಲ್ಪ ಎಡಕ್ಕೆ, ನಿಜವಾಗಿ ಉರಿಯುತ್ತಿತ್ತು.

ಬೀರಣ್ಣ ಹುಬ್ಬಳ್ಳಿಯ ಗುಜರಿಯಿಂದ, ಅಪಘಾತವಾದ ಸಣ್ಣ ಡೀಸೆಲ್ ಕಾರಿನ ಟರ್ಬೊ ತಂದಿದ್ದ. ಅದನ್ನು ಎಂಜಿನ್ನಿಗೆ ಕೂಡಿಸಲು ದಪ್ಪ ಕಬ್ಬಿಣದ ಪೈಪು ಕತ್ತರಿಸಿ ತಾನೇ ಬೆಸುಗೆ ಹಾಕಿದ. ಬೆಸುಗೆಯ ಮೇಲೆ ಬೆರಳಾಡಿಸಿ ನೋಡಿದೆ. ಎಲ್ಲೂ ಬಿರುಕಿಲ್ಲ. ಹೊತ್ತಲ್ಲದ ಹೊತ್ತಿಗೆ ಉರಿಯುವುದಕ್ಕೆ ಏನು ಮಾಡುತ್ತೀ ಎಂದು ಕೇಳಿದೆ.

"ಗಾಳಿ ಕಮ್ಮಿ ತುಂಬೂದು, ಮಾರಾಯ. ಐದು ಪೌಂಡ್ ಸಾಕು. ಘಟ್ಟ ಹತ್ತೂಕೆ ಬೇಕು, ಹಾರೂಕೆ ಅಲ್ಲ. ಕಿಡಿ ಹಾರೂದನ್ನ ಒಂದು ಚೂರು ತಡ ಮಾಡಿದ್ದೆ. ಪೆಟ್ರೋಲ್ ಒತ್ತಡ ಗಾಳಿ ಸಂಗಡವೇ ಏರೂ ಹಾಂಗೆ ಮಾಡಿದ್ದೆ."

ನಾನು ರಮಾಕಾಂತನಿಗೆ ಆಗುವುದಿಲ್ಲ ಎಂದು ಹೇಳಿದ ಕಾರಣಗಳಿಗೆಲ್ಲ ಅವನ ಬಳಿ ಉತ್ತರವಿತ್ತು. ಯಾವ ಪುಸ್ತಕವನ್ನೂ ಅವನು ಓದಿರಲಿಲ್ಲ.

ಮುಂದಿನ ವಾರ ಅವನು ಭತ್ತದ ಕೊಯ್ಲಿಗೆ ಬೆಳಂಬಾರಕ್ಕೆ ಹೋಗಿದ್ದ. ಗ್ಯಾರೇಜಿಗೆ ಬೀಗ. ಬೀಗ ನೋಡಿ ನನಗೆ ಸಮಾಧಾನವಾಯಿತು, ನಾಚಿಕೆಯಿಲ್ಲದೆ ಬರೆಯುತ್ತೇನೆ. ಅದರ ಮುಂದಿನ ವಾರ ಹೋದರೆ ಕಾರಿನ ಒಳಗೆ, ಸ್ಟೇರಿಂಗಿನ ಪಕ್ಕ, ಅಂಕಿಗಳ ಮೇಲೆ ಮುಳ್ಳು ತಿರುಗುವ ಒಂದು ಗುಂಡನೆಯ ಡಬ್ಬಿ ಕೂತಿತ್ತು. ಎಲ್ಲೋ ನೋಡಿದ ಹಾಗಿದೆಯಲ್ಲ ಎನಿಸಿತು.

"ಗುರ್ತು ಸಿಕ್ತಾ?" ಎಂದ ಬೀರಣ್ಣ. "ಡಾಕ್ಟರು ಬಿಸಾಡಿದ ಬಿ.ಪಿ. ಯಂತ್ರದ್ದು. ಗಾಳಿ ಒತ್ತಡ ಎಲ್ಲಿದ್ರೂ ಗಾಳಿ ಒತ್ತಡವೇ ಅಲ್ವಾ? ಐದು ಪೌಂಡ್ ಅಂದ್ರೆ ಇದ್ರಲ್ಲಿ ಇನ್ನೂರೈವತ್ತು ಚಿಲ್ರೆ. ಕೆಂಪು ಗೆರೆ ಹಾಕಿದ್ದೆ. ದಾಟಿದ್ರೆ ಗಾಡಿಗೂ ಮಾತ್ರೆ ಕೊಡ್ಬೇಕು, ನಿಂಗೆ ಕೊಟ್ಟ ಹಾಂಗೆ."

ಮನೆಗೆ ಬಂದು ನೋಟ್ ಬುಕ್ಕಿನಲ್ಲಿ ಲೆಕ್ಕ ಹಾಕಿದೆ. ಇನ್ನೂರ ಐವತ್ತೆಂಟು. ಸರಿಯಾಗಿತ್ತು. ಅಂಥದೇ ಯಂತ್ರ ಆರು ವರ್ಷದಿಂದ ನನ್ನ ಕಪಾಟಿನಲ್ಲಿತ್ತು. ದಿನವೂ ತೋಳಿಗೆ ಸುತ್ತಿಕೊಳ್ಳುತ್ತಿದ್ದೆ. ಅದು ಕಾರಿನೊಳಗೆ ಹೋಗಬಹುದೆಂದು ಒಂದು ದಿನವೂ ನನಗೆ ಹೊಳೆಯಲಿಲ್ಲ. ಆ ದಿನ ನನ್ನ ಬಿ.ಪಿ. ನೂರ ಎಪ್ಪತ್ತು ತೋರಿಸಿತು.

ಡಿಸೆಂಬರಿನಲ್ಲಿ ಕೆಲಸ ಮುಗಿಯಿತು. ಆ ಭಾನುವಾರ ಕಾರನ್ನು ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿದ್ದರು. ನಾನು ಗುಂಡಿಗೆ ಇಳಿದು ಕೆಳಗಿನಿಂದ ನೋಡಿದೆ. ಒಂದೊಂದೇ ನಟ್ಟು, ಒಂದೊಂದೇ ಕೊಳವೆ. ಕೊನೆಗೂ ಸಿಕ್ಕಿತು.

ಟರ್ಬೊದ ಅಚ್ಚು ಭಾರಿ ವೇಗದಲ್ಲಿ ಸುತ್ತುತ್ತದೆ. ಅದನ್ನು ಉಳಿಸುವುದು ಎಣ್ಣೆ. ಎಂಜಿನ್ನಿನಿಂದ ಒತ್ತಡದಲ್ಲಿ ಬರುವ ಎಣ್ಣೆ, ಅಚ್ಚನ್ನು ತೋಯಿಸಿ, ತನ್ನ ಭಾರಕ್ಕೆ ತಾನೇ ಇಳಿದು ಎಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ ಸೇರಬೇಕು. ಮೆಕ್ಯಾನಿಕರು ಆ ತೊಟ್ಟಿಯನ್ನು ಚೇಂಬರ್ ಎನ್ನುತ್ತಾರೆ. ಇಳಿಯುವ ಕೊಳವೆಯ ಬಾಯಿಯನ್ನು ಬೀರಣ್ಣ ಚೇಂಬರಿನ ಹಿಂಬದಿಗೆ ಕೂಡಿಸಿದ್ದ. ನೆಲ ಸಮವಿದ್ದರೆ ಅದು ಎಣ್ಣೆಯ ಮಟ್ಟಕ್ಕಿಂತ ಮೇಲೆಯೇ ಇತ್ತು. ಆದರೆ ಕಾರು ಮೂತಿ ಎತ್ತಿ ಘಟ್ಟ ಹತ್ತುವಾಗ ಎಣ್ಣೆಯೆಲ್ಲ ಹಿಂದಕ್ಕೆ ಸರಿದು ಆ ಬಾಯಿ ಮುಳುಗುತ್ತದೆ. ಆಗ ಮೇಲಿನ ಎಣ್ಣೆಗೆ ಇಳಿಯಲು ದಾರಿಯಿಲ್ಲ. ಟರ್ಬೊದಲ್ಲೇ ತುಂಬಿ ಹೊಗೆ ಪೈಪಿಗೆ ನುಗ್ಗುತ್ತದೆ. ಬಾಯಿ ಎರಡು ಬೆರಳು ಮೇಲಿದ್ದರೆ ಸಾಕಿತ್ತು.

ಇದು ನನಗೆ ಗೊತ್ತಿದ್ದದ್ದು ಪುಸ್ತಕದಿಂದಲ್ಲ. ಒಮ್ಮೆ ದುರಸ್ತಿಯ ನಂತರ ನಮ್ಮ ಟಗ್ಗಿಗೂ ಇದೇ ಆಗಿತ್ತು. ಸುಮ್ಮನೆ ಓಡಿದರೆ ಹೊಗೆಯಿಲ್ಲ, ಹಡಗು ಎಳೆಯುವಾಗ ಹಿಂಭಾಗ ನೀರಿಗೆ ತಗ್ಗಿದ ಕೂಡಲೇ ನೀಲಿ ಹೊಗೆ. ಕಾರಣ ಹುಡುಕಲು ಮೂರು ದಿನ ಹಿಡಿಯಿತು. ಹುಡುಕಿದ್ದು ನಾನೇ.

ಮೇಲಿನಿಂದ ಬೀರಣ್ಣನ ದನಿ ಬಂತು: "ಎಂತದು ಮಂಜು, ಎಷ್ಟು ಹೊತ್ತು? ಹೆಚ್ಚು ಕಮ್ಮಿ ಇದ್ರೆ ಹೇಳು. ಈಗ ಬಿಚ್ಚೂಕೆ ಸಸಾರ."

ನಾನು ಗುಂಡಿಯಿಂದ ಹತ್ತಿ ಬಂದು ಕರವಸ್ತ್ರದಿಂದ ಕೈ ಒರೆಸಿಕೊಂಡೆ.

"ಬರೋಬರ್ ಉಂಟು," ಎಂದೆ.

"ಎಲ್ಲಾ?"

"ಎಲ್ಲಾ."

ಅವನು ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿದ. "ಹಂಗಾದ್ರೆ ಬರೂ ರವಿವಾರ ಘಟ್ಟ ಹತ್ಸುವ. ನೀನೂ ಬಾ."

ಹೋದೆ. ಏಕೆ ಹೋದೆನೆಂದರೆ ಆ ಹೊಗೆಯನ್ನು ಕಣ್ಣಾರೆ ನೋಡಬೇಕಿತ್ತು. ಸ್ವಲ್ಪ ಹೊಗೆ ಬರಲಿ, ಬೀರಣ್ಣ ತಲೆ ಕೆರೆದುಕೊಳ್ಳಲಿ, ರಮಾಕಾಂತ ನನ್ನ ಕಡೆ ತಿರುಗಿ "ಭಾವ, ಇದೆಂತದು?" ಎಂದು ಕೇಳಲಿ, ಆಗ ನಾನು ಹೇಳುವೆ. ಇಷ್ಟೇ ನನ್ನ ಯೋಜನೆ. ಇದರಲ್ಲಿ ಸುಮಿತ್ರೆ ಇರಲಿಲ್ಲ. ಆದರೆ ಅವಳು ಬೆಳಗ್ಗೆಯೇ ಹೊಸ ಸೀರೆ ಉಟ್ಟು ನಿಂತಿದ್ದಳು. "ನನ್ನ ತಮ್ಮನ ಕಾರು. ನಾನೂ ಬತ್ತೆ." ಬೇಡವೆಂದೆ. ಯಾಕೆ ಎಂದಳು. ಬಸ್ಸಿಗೆ ಹೊತ್ತಾಯಿತು ಎಂದು ಚಪ್ಪಲಿ ಮೆಟ್ಟಿದೆ.

ರಮಾಕಾಂತ ಕಾರು ನಡೆಸಿದ. ಪಕ್ಕದಲ್ಲಿ ಬೀರಣ್ಣ, ಹಿಂದೆ ನಾವಿಬ್ಬರು. ಸುಂಕಸಾಳದವರೆಗೆ ರಸ್ತೆ ಬಹುಮಟ್ಟಿಗೆ ಸಮ. ಹೊಗೆಯ ಸುಳಿವಿಲ್ಲ. ಸುಮಿತ್ರೆ ಮುಂದಕ್ಕೆ ಬಾಗಿ, "ಬಿ.ಪಿ. ಎಷ್ಟು ಬೀರಣ್ಣ?" ಎಂದಳು.

"ಇನ್ನೂರ ಮೂವತ್ತು, ಅತ್ತಿಗೆ. ಗಾಡಿ ಆರಾಮದೆ."

ಘಟ್ಟ ಶುರುವಾಯಿತು. ನಾಲ್ಕು ಜನ, ಎ.ಸಿ. ಚಾಲೂ, ಮೂರನೇ ಗೇರು. ಬಾನೆಟ್ಟಿನ ಒಳಗಿನಿಂದ ಸಣ್ಣ ಶಿಳ್ಳೆ ಕೇಳಿತು. ಒಂದು ಖಾಲಿ ಲಾರಿಯನ್ನು ದಾಟಿದೆವು, ಇನ್ನೊಂದನ್ನು ದಾಟಿದೆವು. ರಮಾಕಾಂತ ದೊಡ್ಡದಾಗಿ ನಗತೊಡಗಿದ. "ಬೀರಣ್ಣ, ಇದು ನನ್ನದೇ ಕಾರು ಹೌದೋ ಅಲ್ವೋ?" ಮೂವತ್ತೊಂದು ವರ್ಷದಲ್ಲಿ ನನ್ನ ಎಂಜಿನ್ ನೋಡಿ ಯಾರೂ ಹಾಗೆ ನಕ್ಕಿರಲಿಲ್ಲ.

ನಾನು ತಿರುಗಿ ಹಿಂದಿನ ಗಾಜಿನಲ್ಲಿ ನೋಡಿದೆ. ಮೊದಲು ಎಳೆಯಷ್ಟು. ಆಮೇಲೆ ಸುರುಳಿಯಾಗಿ, ನೀಲಿ. ಮುಂದೆ ಕೂತವರಿಗೆ ತಿರುವು, ಲಾರಿ, ಮುಳ್ಳು, ಇವುಗಳಲ್ಲೇ ಕಣ್ಣು. ಕಂಡವನು ನಾನೊಬ್ಬನೇ. ಒಂದು ತಿರುವು ಹೋಯಿತು. ನಾನು ಬಾಯಿ ಬಿಡಲಿಲ್ಲ. ಅವರೇ ನೋಡಲಿ ಎಂದುಕೊಂಡೆ. ಎರಡನೆಯ ತಿರುವೂ ಹೋಯಿತು. "ಎಂತದೋ ಸುಟ್ಟ ವಾಸ್ನೆ," ಎಂದಳು ಸುಮಿತ್ರೆ. ಮೂರನೆಯ ತಿರುವಿನಲ್ಲಿ ಎಣ್ಣೆಯ ಕೆಂಪು ದೀಪ ಒಮ್ಮೆ ಮಿನುಗಿ ಆರಿತು. ಎಣ್ಣೆ ಅಷ್ಟು ಬೇಗ ಖಾಲಿಯಾಗುತ್ತದೆಂದು ನಾನು ಎಣಿಸಿರಲಿಲ್ಲ.

"ನಿಲ್ಸು!" ಎಂದು ಕೂಗಿದೆ.

"ಇಲ್ಲಿ ಎಲ್ಲಿ ನಿಲ್ಸೂದು ಭಾವ, ಹಿಂದೆ ಲಾರಿ—"

"ನಿಲ್ಸು ಅಂದೆ!"

ರಸ್ತೆ ತುಸು ಅಗಲವಿದ್ದಲ್ಲಿ ನಿಂತೆವು. ಬಾನೆಟ್ಟಿನ ಸಂದಿಗಳಿಂದಲೂ ಹೊಗೆ. ಗಾಬರಿಗೆ ಸುಮಿತ್ರೆ ರಸ್ತೆಯ ಬದಿಯ ಬಾಗಿಲು ತೆರೆದು ಇಳಿದಳು. ಅದೇ ಹೊತ್ತಿಗೆ ಮೇಲಿನಿಂದ ಅದಿರು ತುಂಬಿದ ಲಾರಿ, ಕೆಳಗಿನಿಂದ ನಾವು ದಾಟಿ ಬಂದ ಖಾಲಿ ಲಾರಿ. ಎರಡೂ ಹಾರ್ನ್ ಹೊಡೆಯುತ್ತ ಆ ಜಾಗದಲ್ಲೇ ಎದುರಾದವು. ಬೀರಣ್ಣ ಎರಡು ಹೆಜ್ಜೆಯಲ್ಲಿ ಕಾರಿನ ಮುಂಭಾಗ ಸುತ್ತಿ ಬಂದು ಅವಳ ರಟ್ಟೆ ಹಿಡಿದು ಬಂದ ದಾರಿಯಲ್ಲೇ ಚರಂಡಿಯ ಕಡೆಗೆ ಎಳೆದ. ಖಾಲಿ ಲಾರಿ ನಮ್ಮ ತೆರೆದ ಬಾಗಿಲಿಗೆ ಒಂದು ಗೇಣು ಬಿಟ್ಟು ಹಾದುಹೋಯಿತು. ಧೂಳು ಇಳಿದಾಗ ಅವಳ ಹೊಸ ಸೀರೆ ಕೆಂಪಾಗಿತ್ತು. ನಾನು ಇನ್ನೂ ಸೀಟಿನಲ್ಲೇ ಇದ್ದೆ.

ಬೀರಣ್ಣ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ. ತುದಿಗೂ ಎಣ್ಣೆ ತಾಗಿರಲಿಲ್ಲ. "ಇನ್ನೊಂದು ತಿರುವು ಹೋಗಿದ್ರೆ ಎಂಜಿನ್ ಹಿಡ್ಕಂಡು ನಿಲ್ತಿತ್ತು," ಎಂದ. ಡಿಕ್ಕಿಯಲ್ಲಿ ತಂದಿದ್ದ ಎಣ್ಣೆ ಸುರಿದ. ಕಾರು ತಿರುಗಿಸಿ ನಿಧಾನಕ್ಕೆ ಇಳಿದೆವು. ಇಳಿಯುವಾಗ ಒಂದು ಎಳೆ ಹೊಗೆಯೂ ಇಲ್ಲ. ಬೀರಣ್ಣ ಕನ್ನಡಿಯಲ್ಲಿ ಹಿಂದೆ ನೋಡುತ್ತಲೇ ಇದ್ದ.

ಸುಂಕಸಾಳದ ಚಾ ಅಂಗಡಿಯಲ್ಲಿ ಅವನು ಮೇಜಿನ ಮೇಲೆ ಚೆಲ್ಲಿದ ಚಾದಲ್ಲಿ ಬೆರಳದ್ದಿ ಚೇಂಬರಿನ ಚಿತ್ರ ಬರೆದ. ಅದನ್ನೇ ಓರೆ ಮಾಡಿ ಇನ್ನೊಮ್ಮೆ ಬರೆದ. "ಹತ್ತೂವಾಗ ಹೊಗೆ, ಇಳಿಯೂವಾಗ ಇಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಹಣೆ ಬಡಿದುಕೊಂಡ. "ಥೋ! ಬಾಯಿ ಮುಳುಗ್ತದೆ. ಎರಡು ಬೆರಳು ಕೆಳಗಾಯ್ತು. ರಮಾಕಾಂತ, ತಪ್ಪು ನಂದು."

ನಾನು ಮೂರು ದಿನದಲ್ಲಿ ಹುಡುಕಿದ್ದು ಅವನಿಗೆ ಅರ್ಧ ಕಪ್ ಚಾದಲ್ಲಿ ಸಿಕ್ಕಿತ್ತು.

ಸುಮಿತ್ರೆ ನನ್ನ ಕಡೆ ತಿರುಗಿದಳು. "ನೀವು ಹೋದ ವಾರ ಗುಂಡಿಗೆ ಇಳಿದು ನೋಡಿದ್ರಂತಲ್ಲ? ನಿಮಗೆ ಗೊತ್ತಾಗ್ಲಿಲ್ವಾ?"

"ಇಲ್ಲ," ಎಂದೆ. ಅದು ನನ್ನ ಎರಡನೆಯ ಸುಳ್ಳು.

ಮುಂದಿನ ದಿನಗಳಲ್ಲಿ ಸಮಯ ತಪ್ಪತೊಡಗಿತು. ನಡೆಯಲು ಹೋದವನು ದಂಡೆಯ ಮೇಲೆ ಕೂತುಬಿಡುತ್ತಿದ್ದೆ. ಮಾತ್ರೆ ನುಂಗಿದೆನೋ ಇಲ್ಲವೋ ನೆನಪಿರುತ್ತಿರಲಿಲ್ಲ. ಒಗೆದು ಆರಿಸಿದ ಆ ಸೀರೆಯಲ್ಲಿ ಅದಿರಿನ ಕೆಂಪು ಹೋಗಿರಲಿಲ್ಲ. ಬುಧವಾರ, ನನ್ನ ಅಂಕೋಲೆಯ ದಿನವಲ್ಲದ ದಿನ, ಬಸ್ಸು ಹತ್ತಿದೆ.

ಬೀರಣ್ಣ ಕಾರಿಗೆ ಬೇರೆ ಚೇಂಬರ್ ತಂದು, ಬಾಯಿಯನ್ನು ಮೇಲೆ ಕೂಡಿಸಿ, ಆಗಲೇ ಒಂದು ಸಲ ಘಟ್ಟ ಹತ್ತಿಸಿ ಬಂದಿದ್ದ. ಹಳೆಯ ಚೇಂಬರ್ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಅದರ ಮೇಲೆ ಬಿಳಿ ಪೇಂಟಿನಲ್ಲಿ ಸೊಟ್ಟ ಅಕ್ಷರ: "ಮೊದಲನೇದು. ಬೀರಣ್ಣ." ತಪ್ಪಿದ್ದನ್ನೂ ಬಹುಮಾನದ ಹಾಗೆ ಗೋಡೆಗೆ ತೂಗುಹಾಕಬಲ್ಲ ಮನುಷ್ಯನನ್ನು ಕಂಡು, ಆ ಹೊತ್ತಿನಲ್ಲೂ, ಎದೆಗೂಡಿನ ಕೆಳಗೆ ಉರಿಯಿತು.

"ನಂಗೆ ಗೊತ್ತಿತ್ತು," ಎಂದೆ. "ಗುಂಡಿಯಲ್ಲೇ ಕಂಡಿತ್ತು. ಹೇಳ್ಲಿಲ್ಲ."

ಅವನು ನಟ್ಟು ತಿರುಗಿಸುತ್ತಿದ್ದ ಪಾನೆಯಿಂದ ಕಣ್ಣೆತ್ತಲಿಲ್ಲ. "ನಂಗೂ ಸಂಶಯ ಬಂದಿತ್ತು."

"ಎಂತಕ್ಕೆ?"

"ನಲ್ವತ್ತು ವರ್ಷದಲ್ಲಿ ನೀನು ನನ್ನ ಯಾವ ಕೆಲಸಕ್ಕೆ ಬರೋಬರ್ ಅಂದಿದ್ದೆ? ಒಂದು ನಟ್ಟಿಗಾದ್ರೂ ಹೆಸರಿಡ್ತೆ ನೀನು. ಆ ದಿವಸ ಏನೂ ಬೈಲಿಲ್ಲ."

"ಸಂಶಯ ಬಂದ್ಮೇಲೆ ಘಟ್ಟಕ್ಕೆ ಯಾಕೆ ಹತ್ಸಿದೆ?"

ಈಗ ಅವನು ಪಾನೆ ಕೆಳಗಿಟ್ಟು ನನ್ನನ್ನು ನೋಡಿದ. "ಅತ್ತಿಗೆ ಕರ್ಕಂಡು ಬಂದು ಕೂತ್ಯಲ್ಲ ಅದ್ರಲ್ಲಿ. ಹೆಂಡ್ತಿನ ಕೂರ್ಸ್ಕಂಡದ್ದು ನೋಡಿ, ನನ್ನ ಸಂಶಯವೇ ಸುಳ್ಳು ಅಂದ್ಕಂಡೆ."

ಅವನು ಬೈದಿದ್ದರೆ ಒಳ್ಳೆಯದಿತ್ತು. ನಿಂತು ನಿಂತು ನನ್ನ ಕಣ್ಣು ಆ ಸೊಟ್ಟ ಅಕ್ಷರಗಳಿಗೆ ಹೋಯಿತು. ಲಾಗ್ ಬುಕ್ಕಿನಲ್ಲಿ ಪ್ರತಿ ಪುಟದ ಕೆಳಗೆ ಎರಡು ಸಹಿ ಬೇಕು, ಮಾಡಿದವನದು ಒಂದು, ನೋಡಿದವನದು ಒಂದು. ಮೂಲೆಯಲ್ಲಿದ್ದ ಪೇಂಟಿನ ಡಬ್ಬಿ ತೆಗೆದುಕೊಂಡೆ. ಅವನ ಹೆಸರಿನ ಕೆಳಗೆ ನೆಟ್ಟಗಿನ ಅಕ್ಷರದಲ್ಲಿ ಬರೆದೆ: "ನೋಡಿ ಸರಿ ಎಂದವನು, ಮಂಜುನಾಥ."

ಬೀರಣ್ಣ ಹತ್ತಿರ ಬಂದು ಓದಿದ. ಅವನ ಹೊಟ್ಟೆ ಅಲುಗಾಡತೊಡಗಿತು. "ಇದ್ರಲ್ಲೂ ಪಾಲು ಬೇಕಾ ಮಾರಾಯ ನಿಂಗೆ?"

ಅದೇ ಸಂಜೆ ಸುಮಿತ್ರೆಗೂ ಹೇಳಿದೆ. ಅವಳು ನಗಲಿಲ್ಲ. ಎರಡು ದಿನ ಊಟ ಬಡಿಸಿದಳು, ಮಾತಾಡಲಿಲ್ಲ.

ಆ ಕಾರು ಮತ್ತೆ ಏಳು ವರ್ಷ ಘಟ್ಟ ಹತ್ತಿತು. ರಮಾಕಾಂತ ಎಲ್ಲಿ ನಿಲ್ಲಿಸಿದರೂ ಟರ್ಬೊ ತಣಿಯಲೆಂದು ಎರಡು ನಿಮಿಷ ಎಂಜಿನ್ ಚಾಲೂ ಇಟ್ಟು ಆಮೇಲೆ ಆರಿಸುತ್ತಿದ್ದ. ಅದನ್ನು ಕಲಿಸಿದ್ದು ನಾನು. ಆದರೆ ಜನ ಕೇಳಿದರೆ ಅವನು ಹೇಳುತ್ತಿದ್ದದ್ದು ಬೀರಣ್ಣನ ಹೆಸರನ್ನೇ. ಪ್ರತಿ ಸಲವೂ ನನಗೆ ಕೇಳಿಸುತ್ತಿತ್ತು.

ಹೋದ ತಿಂಗಳು ಆ ಗೋಡೆಯ ಮುಂದೆ ನಿಂತು ನೋಡಿದೆ. ಉಪ್ಪುಗಾಳಿಗೆ ಚೇಂಬರಿನ ಮೇಲ್ಭಾಗ ತುಕ್ಕು ಹಿಡಿದು ಬೀರಣ್ಣನ ಸಾಲು ಪೂರ್ತಿ ಉದುರಿಹೋಗಿದೆ. ಕೆಳಗಿನ ನನ್ನ ಸಾಲಿನಲ್ಲೂ ಉಳಿದದ್ದು "ಮಂಜುನಾಥ" ಎಂಬುದು ಮಾತ್ರ. ಎಣ್ಣೆ ಬದಲಿಸಲು ಬಂದಿದ್ದ ಗಿರಾಕಿ ಅದನ್ನು ತೋರಿಸಿ, "ಅಂಕೋಲೆಯಲ್ಲಿ ಮೊದಲು ಟರ್ಬೊ ಕೂಡ್ಸಿದವರು ಇವರೇ ಅಂತೆ, ಹೌದಾ?" ಎಂದು ಅಳಿಯನನ್ನು ಕೇಳುತ್ತಿದ್ದ. ಅಳಿಯ ಕಾರಿನ ಕೆಳಗಿದ್ದ, ಅವನಿಗೆ ಕೇಳಿಸಲಿಲ್ಲ.

ನಾನೂ ತಕ್ಷಣ ಉತ್ತರ ಕೊಡಲಿಲ್ಲ. ಎಷ್ಟು ಹೊತ್ತು ಸುಮ್ಮನಿದ್ದೆನೆಂದು ಗಡಿಯಾರ ನೋಡಿಲ್ಲ. ಆಮೇಲೆ ಅಳಿಯನ ಹತ್ತಿರ ಬಿಳಿ ಪೇಂಟು ಕೇಳಿದೆ. ಕೈ ಈಗ ನಡುಗುತ್ತದೆ, ಅಕ್ಷರ ನೆಟ್ಟಗೆ ಬರುವುದಿಲ್ಲ. ತುಕ್ಕು ಉಜ್ಜಿ, ನನ್ನ ಹೆಸರಿನ ಮೇಲೆ, ಅದಕ್ಕಿಂತ ದೊಡ್ಡದಾಗಿ, ಅವನದೇ ಸೊಟ್ಟ ಅಕ್ಷರದ ಹಾಗೆ ಬರೆದೆ: ಬೀರಣ್ಣ.

ಬಸ್ಸು ತಪ್ಪಿತು.